ಸುದ್ದಿಯ ಬಾಲದಲ್ಲಿದ್ದ ‘ಅಂತೆ’

2017ರ ಜೂನ್ 5, ಸೋಮವಾರ. ರಂಜಾನ್ ತಿಂಗಳು. ಕತಾರಿನ ದೋಹಾದಲ್ಲಿ ನಾನು ಎದ್ದು ಫೋನ್ ನೋಡುವಷ್ಟರಲ್ಲಿ ನಮ್ಮ ಕನ್ನಡ ಗುಂಪಿನಲ್ಲಿ ನೂರಕ್ಕೂ ಜಾಸ್ತಿ ಮೆಸೇಜ್ ಬಿದ್ದಿದ್ದವು. ಸೌದಿ, ಯುಎಇ, ಬಹರೇನ್, ಈಜಿಪ್ಟ್ ನಾಲ್ಕೂ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದವು. ಸೌದಿ ಗಡಿ ಬಂದ್. ಈ ದೇಶಕ್ಕೆ ನೆಲದ ಮೇಲೆ ಇರುವುದು ಅದೊಂದೇ ಗಡಿ. ಹಾಲು, ಮೊಸರು, ಕೋಳಿ ಎಲ್ಲ ಹೆಚ್ಚಾಗಿ ಆ ದಾರಿಯಲ್ಲೇ ಬರುತ್ತಿದ್ದವು.

ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. “ರೀ, ಬರುವಾಗ ಹಾಲು ತನ್ನಿ. ಎಷ್ಟು ಸಿಗತ್ತೋ ಅಷ್ಟು.” ನಾನು ಅಂಗಡಿ ಮುಟ್ಟುವಾಗ ಹಾಲಿನ ಕಪಾಟು ಬೋಳು. ಮೂಲೆಯಲ್ಲಿ ಸ್ಟ್ರಾಬೆರಿ ಹಾಲಿನ ಎರಡು ಬಾಟಲಿ ಉಳಿದಿದ್ದವು. ಅದನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಮುಂದಿನವನ ಟ್ರಾಲಿಯಲ್ಲಿ ಅಕ್ಕಿ ಮೂಟೆ, ಹಿಂದಿನವನ ಟ್ರಾಲಿಯಲ್ಲಿ ನೀರಿನ ಪೆಟ್ಟಿಗೆ. ನಾನೂ ಸುಮ್ನೆ ಬರಲಿಲ್ಲ. ಆರು ಡಬ್ಬಿ ಹಾಲಿನ ಪುಡಿ ಹೊತ್ತು ತಂದೆ. ಕಾಫಿ ಬಿಟ್ಟು ಬದುಕೋದು ಹೇಗೆ ಸ್ವಾಮಿ?

ಸಂಜೆ ಊರಿಂದ ಅಮ್ಮ. “ಮಗಾ, ಅಲ್ಲಿ ಯುದ್ಧ ಶುರುವಾಯ್ತಂತೆ? ಟಿವಿಯಲ್ಲಿ ಟ್ಯಾಂಕ್ ತೋರಿಸ್ತಿದ್ದಾರೆ.” ನಾನು ಕಿಟಕಿ ಪರದೆ ಸರಿಸಿ ನೋಡಿದೆ. ಟ್ಯಾಂಕ್ ಇರಲಿಲ್ಲ. ನೀರಿನ ಟ್ಯಾಂಕರ್ ಒಂದು ನಿಂತಿತ್ತು.

ಇದೆಲ್ಲ ಹೊತ್ತಿಕೊಂಡಿದ್ದು ಒಂದು ಸುದ್ದಿಯಿಂದ. ಅದಕ್ಕೆ ಹನ್ನೆರಡು ದಿನ ಮುಂಚೆ, ಮೇ 24ರ ನಡುರಾತ್ರಿ, ಕತಾರಿನ ಸರ್ಕಾರಿ ಸುದ್ದಿಸಂಸ್ಥೆಯ ಜಾಲತಾಣದಲ್ಲಿ ಇಲ್ಲಿನ ಅಮೀರರ, ಅಂದರೆ ದೊರೆಯ, ಹೆಸರಿನಲ್ಲಿ ಕೆಲವು ಮಾತು ಬಂದವು. ಸೇನೆಯ ಪದವಿ ಸಮಾರಂಭದಲ್ಲಿ ಅವರು ಸೌದಿಗೆ ಆಗದ ಇರಾನನ್ನು ಹೊಗಳಿದರು ಅಂತ. ಸ್ವಲ್ಪ ಹೊತ್ತಿಗೇ ಕತಾರ್ ಹೇಳಿತು: ನಮ್ಮ ತಾಣಕ್ಕೆ ಕನ್ನ ಹಾಕಿದ್ದಾರೆ, ಅಮೀರರು ಹಾಗೆ ಹೇಳಿಯೇ ಇಲ್ಲ. ಆದರೆ ಅಕ್ಕಪಕ್ಕದ ದೇಶಗಳ ಚಾನೆಲ್‌ಗಳು ನಿಲ್ಲಿಸಲಿಲ್ಲ. ಗಂಟೆಗಟ್ಟಲೆ ಅದನ್ನೇ ಓಡಿಸಿದವು, ಪಂಡಿತರನ್ನು ಕೂರಿಸಿ ಚರ್ಚೆಯನ್ನೂ ಮಾಡಿದವು. ಅದೇ ದಿನ ಸೌದಿ, ಯುಎಇಗಳಲ್ಲಿ ಕತಾರಿನ ಚಾನೆಲ್ ಅಲ್ ಜಜೀರಾದ ತಾಣ ಬಂದ್ ಆಯಿತು. ಜಗಳಕ್ಕೆ ಹಳೆಯ ಕಾರಣಗಳು ಬೇಕಾದಷ್ಟಿದ್ದವು, ನಿಜ. ಆದರೆ ಕಡ್ಡಿ ಗೀರಿದ್ದು ಆ ನಾಲ್ಕು ಸಾಲು. ನಾಲ್ಕು ಸಾಲಿಗೆ ಮೂರೂವರೆ ವರ್ಷದ ದಿಗ್ಬಂಧನ. 2021ರ ಜನವರಿಯಲ್ಲಿ ಅದು ಮುಗಿಯುವಷ್ಟರಲ್ಲಿ ಬುಡಾಪೆಸ್ಟಿನಿಂದ ವಿಮಾನದಲ್ಲಿ ಹಸುಗಳನ್ನು ತರಿಸಿ, ಇಲ್ಲಿಯೇ ಕರೆದ ಹಾಲನ್ನು ನಾವು ವರ್ಷಗಳಿಂದ ಕುಡಿಯುತ್ತಿದ್ದೆವು.

ನಮ್ಮ ಆಫೀಸಿನ ಲೆಕ್ಕಪತ್ರ ನೋಡುತ್ತಿದ್ದವರು ಈಜಿಪ್ಟಿನವರು. ಆಗ ಅವರಿಗೆ ಅರವತ್ತು. ನಾವೆಲ್ಲ ಉಸ್ತಾದ್ ಅನ್ನುತ್ತೇವೆ. ಅವರು ನನ್ನನ್ನು ‘ಯಾ ಬಾಶ್‌ಮುಹಂದಿಸ್’ ಅನ್ನುತ್ತಾರೆ. ದೊಡ್ಡ ಎಂಜಿನಿಯರ್ ಸಾಹೇಬರೇ ಅಂತ. ಈಜಿಪ್ಟಿನವರು ಯಾವ ಎಂಜಿನಿಯರನ್ನೂ ಸಣ್ಣವನು ಮಾಡುವುದಿಲ್ಲ. ಮಾರನೇ ದಿನ ನಾನು ಅವರ ಮೇಜಿಗೆ ಹೋಗಿ ನಮ್ಮ ಗುಂಪಿನಲ್ಲಿ ಬಂದದ್ದನ್ನೆಲ್ಲ ಒಂದೇ ಉಸಿರಲ್ಲಿ ಒಪ್ಪಿಸಿದೆ. ಏರ್‌ಪೋರ್ಟ್ ಮುಚ್ಚುತ್ತಾರಂತೆ. ಬ್ಯಾಂಕಿನಲ್ಲಿ ದುಡ್ಡು ಕೊಡಲ್ವಂತೆ. ಭಾರತದಿಂದ ಹಡಗು ಬರುತ್ತಂತೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದ್ದು ಒಂದೇ ಪ್ರಶ್ನೆ.

“ಯಾರು ಹೇಳಿದ್ದು?”

ಗುಂಪಿನಲ್ಲಿ ಬಂತು ಅಂದೆ.

“ಗುಂಪಿಗೆ ಬಾಯಿ ಇಲ್ಲ. ಹೇಳಿದವನು ಯಾರು? ಅವನಿಗೆ ಅದರಿಂದ ಏನು ಸಿಗುತ್ತೆ?”

ಆ ದಿನಗಳಲ್ಲಿ ನಾನು ಗಮನಿಸಿದ್ದು ಇದು. ಆಫೀಸಿನ ಅರಬರು ಎಲ್ಲ ಚಾನೆಲ್‌ಗಳನ್ನೂ ನೋಡುತ್ತಿದ್ದರು. ಸುಡಾನಿನವನು ಅಲ್ ಜಜೀರಾ ಹತ್ತು ನಿಮಿಷ, ಸೌದಿ ಕಡೆಯ ಅಲ್ ಅರಬಿಯಾ ಹತ್ತು ನಿಮಿಷ, ಆಮೇಲೆ ಬಿಬಿಸಿ ಅರಬಿಕ್. ಒಂದನ್ನೂ ಪೂರ್ತಿ ನಂಬುತ್ತಿರಲಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು, ಯಾವುದು ಏನನ್ನು ಹೇಳದೆ ಬಿಟ್ಟಿದೆ ಅಂತ ಹುಡುಕುತ್ತಿದ್ದ. ನಾವು ಐದು ಜನ ಕನ್ನಡಿಗರಿದ್ದೆವು. ಐವರ ಫೋನಿನಲ್ಲೂ ಒಂದೇ ಮೆಸೇಜ್. ಒಬ್ಬ ಇನ್ನೊಬ್ಬನಿಗೆ ಕಳಿಸಿದ್ದು, ಸುತ್ತಿ ಬಳಸಿ ಅವನಿಗೇ ವಾಪಸ್. “ನನಗೂ ಬಂತು, ಅಂದ್ಮೇಲೆ ನಿಜವೇ ಇರಬೇಕು” ಅನ್ನುತ್ತಿದ್ದೆವು!

ಕೊಲ್ಲಿಯ ಕಡೆ ಗಾಳಿಸುದ್ದಿಗೆ ಒಂದು ಚಂದದ ಹೆಸರಿದೆ. ‘ವಕಾಲತ್ ಯಕೂಲೂನ್’. ವಕಾಲತ್ ಅಂದರೆ ಏಜೆನ್ಸಿ. ನಮ್ಮ ವಕೀಲ, ವಕಾಲತ್ತು ಎಲ್ಲ ಅದೇ ಮನೆಯವು. ಯಕೂಲೂನ್ ಅಂದರೆ ‘ಹೇಳುತ್ತಾರೆ’. ರಾಯಿಟರ್ಸ್, ಪಿಟಿಐ ಇದ್ದ ಹಾಗೆ ‘ಹೇಳ್ತಾರೆ ಸುದ್ದಿಸಂಸ್ಥೆ’. ಯಾರಾದರೂ ಆಧಾರ ಇಲ್ಲದ ಸುದ್ದಿ ತಂದರೆ, “ಎಲ್ಲಿಂದ, ವಕಾಲತ್ ಯಕೂಲೂನಾ?” ಅಂತ ನಗುತ್ತಾರೆ. ಈಜಿಪ್ಟಿನವರದು ಇನ್ನೂ ಒಂದು ಕೈ ಮೇಲೆ. ನಂಬಲಾರದ ಮಾತಿಗೆ ‘ಕಲಾಮ್ ಗರಾಯೆದ್’ ಅನ್ನುತ್ತಾರೆ. ಪತ್ರಿಕೆಯ ಮಾತು ಅಂತ ಅರ್ಥ. ನಮ್ಮಲ್ಲಿ “ಪೇಪರಿನಲ್ಲೇ ಬಂದಿದೆ ಕಣ್ರೀ” ಅಂದರೆ ವಾದ ಮುಗಿಯಿತು. ಅಲ್ಲಿ “ಪೇಪರಿನ ಮಾತು ಬಿಡಯ್ಯ” ಅಂದರೆ ವಾದ ಮುಗಿಯಿತು.

ಹಾಗಂತ ನಮ್ಮ ಭಾಷೆ ಬರಿಗೈಯದ್ದಲ್ಲ. ನಮಗೆ ‘ಅಂತೆ’ ಇದೆ. “ಮಳೆ ಬಂತು” ಬೇರೆ, “ಮಳೆ ಬಂತಂತೆ” ಬೇರೆ. ಮೊದಲನೆಯದರಲ್ಲಿ ನಾನು ನೆನೆದಿದ್ದೇನೆ. ಎರಡನೆಯದರಲ್ಲಿ ಯಾರೋ ಹೇಳಿದ್ದಾರೆ, ಹೊಣೆ ನನ್ನದಲ್ಲ. ನಾಲ್ಕಕ್ಷರ ಕಲಿಯದ ಅಜ್ಜಿಯೂ ಇದನ್ನು ತಪ್ಪದೆ ಬಳಸುತ್ತಿದ್ದಳು. ಅಂತೆಕಂತೆ ಅಂತ ನಗುವುದೂ ನಮಗೆ ಗೊತ್ತು. ಫಾರ್ವರ್ಡ್ ಗುಂಡಿ ಮಾಡಿದ ದೊಡ್ಡ ಅನ್ಯಾಯ ಅಂದರೆ ಆ ‘ಅಂತೆ’ಯನ್ನು ಉದುರಿಸಿದ್ದು. ಅಮ್ಮ ಬಾಯಲ್ಲಿ ಹೇಳುವಾಗ “ಯುದ್ಧ ಶುರುವಾಯ್ತಂತೆ” ಅನ್ನುತ್ತಾಳೆ. ಅದೇ ಅಮ್ಮ ಫಾರ್ವರ್ಡ್ ಒತ್ತಿದರೆ ‘ಯುದ್ಧ ಶುರು’ ಅಂತ ಕೆಂಪಕ್ಷರದಲ್ಲಿ ಹೋಗುತ್ತದೆ.

ಉಸ್ತಾದರ ಅನುಮಾನ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದು ಅದೇ ವಾರ, ಒಂದು ರಿಯಾಲಿನ ಕರಕ್ ಚಹಾ ಮುಂದೆ. ಇಫ್ತಾರ್ ಆದ ಮೇಲೆ ಕಡಲ ದಂಡೆಯ ಕಾರ್ನಿಶ್ ರಸ್ತೆ ಕಡೆ ಹೋಗಿದ್ದೆವು. “ಜೂನ್ 5 ಅಂದರೆ ನಿನಗೆ ಏನು?” ಅಂತ ಕೇಳಿದರು. ಪರಿಸರ ದಿನ ಅಂದೆ. ಅವರು ನಕ್ಕರು. ಈಜಿಪ್ಟಿನವರಿಗೆ ಅದು 1967ರ ಜೂನ್ 5, ಇಸ್ರೇಲ್ ಜೊತೆ ಯುದ್ಧ ಶುರುವಾದ ದಿನ. ದಿಗ್ಬಂಧನ ಬಿದ್ದಿದ್ದು ಸರಿಯಾಗಿ ಐವತ್ತನೇ ವರ್ಷಕ್ಕೆ.

1967ರಲ್ಲಿ ಅವರಿಗೆ ಹತ್ತು ವರ್ಷ. ನೈಲ್ ಮುಖಜದ ಹಳ್ಳಿ. ಊರಿನ ಕಾಫಿ ಅಂಗಡಿಯಲ್ಲಿ ರೇಡಿಯೋ, ಅದರ ಸುತ್ತ ಊರಿನ ಗಂಡಸರೆಲ್ಲ. ಕೈರೋದಿಂದ ‘ಸೌತ್ ಅಲ್ ಅರಬ್’, ಅಂದರೆ ಅರಬರ ದನಿ. 1953ರಲ್ಲಿ ಶುರುವಾದ ಈ ಕೇಂದ್ರಕ್ಕೆ ಮೊರಾಕೊದಿಂದ ಇರಾಕಿನವರೆಗೂ ಕೇಳುಗರು. ಅದರ ಉದ್ಘೋಷಕ ಅಹ್ಮದ್ ಸಯೀದ್ ಅಂದರೆ ಮನೆಮಾತು. ಯುದ್ಧ ಶುರುವಾದ ಬೆಳಗ್ಗೆಯೇ ಇಸ್ರೇಲ್ ದಾಳಿ ಮಾಡಿ ಈಜಿಪ್ಟಿನ ವಾಯುಪಡೆಯನ್ನು ನೆಲದ ಮೇಲೇ ಸುಟ್ಟು ಹಾಕಿತ್ತು. ಸಯೀದರ ರೇಡಿಯೋ ಮಾತ್ರ ಶತ್ರು ವಿಮಾನ ಬಿದ್ದ ಲೆಕ್ಕ ಹೇಳುತ್ತಲೇ ಇತ್ತು. ಗಂಟೆಗಂಟೆಗೆ ಲೆಕ್ಕ ಏರುತ್ತಿತ್ತು. ಕಾಫಿ ಅಂಗಡಿಯಲ್ಲಿ ಶರಬತ್ತು ಹಂಚಿದರು ಅಂತ ಉಸ್ತಾದ್ ಹೇಳುತ್ತಾರೆ. ಜೂನ್ 9ರ ಸಂಜೆ ಅದೇ ಪೆಟ್ಟಿಗೆಯಿಂದ ಅಧ್ಯಕ್ಷ ನಾಸೆರ್ ದನಿ ಬಂತು. ಸೋಲು, ರಾಜೀನಾಮೆ. ಹತ್ತು ವರ್ಷದ ಹುಡುಗನಿಗೆ ನೆನಪಿರುವುದು ಅಪ್ಪನ ಮುಖ. ಅಪ್ಪ ರೇಡಿಯೋ ಒಡೆಯಲಿಲ್ಲ. ಮುಳ್ಳು ತಿರುಗಿಸಿ ಲಂಡನ್ ಹಾಕಿದರು.

“ಲಂಡನ್ ನಮಗೆ ನೆಂಟನಲ್ಲ. 56ರಲ್ಲಿ ನಮ್ಮ ಮೇಲೆ ಬಾಂಬ್ ಹಾಕಿದವರು. ಆದರೂ ನಮ್ಮ ಅಪ್ಪ ಎರಡನ್ನೂ ಕೇಳುತ್ತಿದ್ದರು. ಇಬ್ಬರು ಸುಳ್ಳುಗಾರರ ನಡುವೆ ಎಲ್ಲೋ ಒಂದು ಕಡೆ ಸತ್ಯ ಸಿಕ್ಕಿಬೀಳುತ್ತೆ” ಅಂದರು. 1938ರಲ್ಲಿ ಶುರುವಾಗಿದ್ದ ಆ ಬಿಬಿಸಿ ಅರಬಿಕ್ ರೇಡಿಯೋ 2023ರ ಜನವರಿಯಲ್ಲಿ ನಿಂತಾಗ ಉಸ್ತಾದ್ ನನಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಅದರಲ್ಲಿ ಮಾತಿರಲಿಲ್ಲ. ಗಂಟೆ ಬಡಿಯುವ ಸದ್ದು, ಆಮೇಲೆ ‘ಹುನಾ ಲಂಡನ್’, ಇದು ಲಂಡನ್, ಅಷ್ಟೇ.

ನಮ್ಮ ಮನೆಯ ರೇಡಿಯೋ ನೆನಪಾಯಿತು. ಅಪ್ಪನಿಗೆ ಆಕಾಶವಾಣಿಯ ವಾರ್ತೆ ಅಂದರೆ ವೇದವಾಕ್ಯ. ತುರ್ತು ಪರಿಸ್ಥಿತಿಯಲ್ಲಿ ನಮ್ಮ ದೇಶದವರೂ ಕದ್ದುಮುಚ್ಚಿ ಬಿಬಿಸಿ ಕೇಳಿದ್ದುಂಟು. ಆದರೆ ನಮಗೆ ಅದು ಎರಡು ವರ್ಷದ ಕಷಾಯ. ಕುಡಿದೆವು, ಮರೆತೆವು. ಅವರಿಗೆ ಅದು ದಿನದ ಊಟ.

ದಿನದ ಊಟ ಅಂತ ಯಾಕೆ ಅಂದೆ ಅಂದರೆ, 67ರ ಪಾಠ ಮರೆಯಲು ಅಲ್ಲಿನ ಮಾಧ್ಯಮಗಳು ಬಿಡಲೇ ಇಲ್ಲ. 2010ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಒಬಾಮಾ ಮುಂದೆ ನಡೆಯುತ್ತಿದ್ದರು, ಹಿಂದೆ ಆಗಿನ ಈಜಿಪ್ಟ್ ಅಧ್ಯಕ್ಷ ಮುಬಾರಕ್ ಮತ್ತಿತರ ನಾಯಕರು. ಕೈರೋದ ಸರ್ಕಾರಿ ಪತ್ರಿಕೆ ‘ಅಲ್ ಅಹ್ರಾಮ್’ನಲ್ಲಿ ಅದೇ ಫೋಟೋ ಬಂತು. ಅದರಲ್ಲಿ ಮುಬಾರಕ್ ಎಲ್ಲರಿಗಿಂತ ಮುಂದೆ! ಒಬ್ಬ ಬ್ಲಾಗರ್ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿಬಿಟ್ಟ. ಸಂಪಾದಕರು ಅದನ್ನು ಭಾವ ಹೇಳುವ ಚಿತ್ರ ಅಂತ ಸಮರ್ಥಿಸಿಕೊಂಡರು. ಅರಬಿಯಲ್ಲಿ ‘ತಾಬೀರಿಯಾ’. ಆಮೇಲೆ ಇಡೀ ದೇಶವೇ ‘ತಾಬೀರಿಯಾ’ ಚಿತ್ರ ಮಾಡಲು ಕೂತಿತು. ಮುಬಾರಕರನ್ನು ಚಂದ್ರನ ಮೇಲೂ ನಿಲ್ಲಿಸಿದರು. ಟ್ಯುನೀಸಿಯಾದಲ್ಲಿ ಅಧ್ಯಕ್ಷ ಬೆನ್ ಅಲಿ ಕಾಲಕ್ಕೆ ಸರ್ಕಾರ ಮುಚ್ಚಿಸಿದ ತಾಣ ತೆರೆದರೆ ‘404, ಸಿಗಲಿಲ್ಲ’ ಅಂತ ಬರುತ್ತಿತ್ತು. ಜನ ಆ ಕಾಣದ ಕತ್ತರಿಗೆ ಅಮ್ಮಾರ್ 404 ಅಂತ ಹೆಸರಿಟ್ಟರು. “ಇವತ್ತು ಅಮ್ಮಾರ್ ಬೇಗ ಎದ್ದಿದ್ದಾನೆ” ಅಂತ ಮಾತಾಡಿಕೊಳ್ಳುತ್ತಿದ್ದರಂತೆ. ನೋಡಿ, ಇಲ್ಲಿ ಅಂತೆ ಹಾಕಿದ್ದೇನೆ. ಅಮ್ಮಾರನ ಹೆಸರು ಊರಿಗೆಲ್ಲ ಗೊತ್ತು, ಈ ಮಾತು ಮಾತ್ರ ನಾನು ಕೇಳಿದ್ದು ಒಬ್ಬನ ಬಾಯಿಂದ.

ಲೆಬನಾನಿನವರದ್ದು ಬೇರೆಯೇ ಚಾಣಾಕ್ಷತನ. ನಮ್ಮ ಡ್ರಾಯಿಂಗ್ ವಿಭಾಗದಲ್ಲಿ ಬೈರೂತಿನ ಹುಡುಗಿ ಒಬ್ಬಳಿದ್ದಳು. ಅವಳಿಗೆ ಚಾನೆಲ್ ಅಂದರೆ ಮೊದಲು ಮಾಲೀಕ, ಆಮೇಲೆ ಸುದ್ದಿ. ಅಲ್ಲಿ ಒಂದೊಂದು ಚಾನೆಲ್ ಒಂದೊಂದು ಪಕ್ಷದ, ನಾಯಕನ ಕೈಯಲ್ಲಿ. ಅಲ್ ಮನಾರ್ ಅಂದರೆ ಹೆಜ್ಬೊಲ್ಲಾ. ಎನ್‌ಬಿಎನ್ ಅಂದರೆ ನಬೀಹ್ ಬೆರ್ರಿ ಕಡೆ. ಓಟಿವಿ ಅಂದರೆ ಮಿಶೆಲ್ ಔನ್ ಪಕ್ಷ. 2019ರಲ್ಲಿ ನಿಂತುಹೋದ ಫ್ಯೂಚರ್ ಟಿವಿ ಹರೀರಿ ಮನೆಯದ್ದು. ಒಳಯುದ್ಧ ಮುಗಿದ ಮೇಲೆ ಅಧಿಕಾರ ಹಂಚಿಕೊಂಡ ಹಾಗೇ ಚಾನೆಲ್‌ಗಳನ್ನೂ ಹಂಚಿಕೊಂಡರು ಅನ್ನುತ್ತಿದ್ದಳು. ಕ್ರಿಕೆಟ್ ನೋಡುವವರು ಬೋಲರ್ ಯಾರು ಅಂತ ಮೊದಲು ನೋಡುವ ಹಾಗೆ ಅವಳು ನ್ಯೂಸ್ ನೋಡುತ್ತಿದ್ದಳು. ನಮಗೂ ಯಾವ ಚಾನೆಲ್ ಯಾರದ್ದು ಅಂತ ಅಷ್ಟೋ ಇಷ್ಟೋ ಗೊತ್ತು, ಅಲ್ವಾ? ಚುನಾವಣೆ ಹೊತ್ತಿಗೆ ಕಟ್ಟೆ ಮೇಲೆ ಅದನ್ನೇ ಮಾತಾಡುತ್ತೇವೆ. ಆದರೆ ಆ ತಿಳಿವಳಿಕೆಯನ್ನು ನಾವು ಬಳಸುವುದು ಎದುರಾಳಿ ಚಾನೆಲನ್ನು ಬೈಯಲು ಮಾತ್ರ. ನಮ್ಮ ಕಡೆಯದ್ದು ನಮಗೆ ಗಂಗಾಜಲ.

ಶಾಲೆಯಲ್ಲಿ ಇದನ್ನು ಕಲಿಸುತ್ತಾರಾ ಅಂತ ಕೇಳಿದರೆ, ಹೌದು, ಅಲ್ಲಲ್ಲಿ. ನಾವು ಮಾಧ್ಯಮ ಸಾಕ್ಷರತೆ ಅನ್ನುತ್ತೇವೆ. ಅರಬಿಯಲ್ಲಿ ಹೆಚ್ಚು ಓಡುವ ಮಾತು ‘ತರ್ಬಿಯಾ ಇಲಾಮಿಯಾ’. ಇಲಾಮ್ ಅಂದರೆ ಮಾಧ್ಯಮ. ತರ್ಬಿಯಾ ಅಂದರೆ ಬರೀ ಓದು ಬರಹ ಅಲ್ಲ, ಮಗುವನ್ನು ಸಾಕಿ, ತಿದ್ದಿ, ಬೆಳೆಸುವುದು. ಮಗು ಹಾದಿ ತಪ್ಪಿದರೆ ‘ತರ್ಬಿಯಾ ಇಲ್ಲ’ ಅನ್ನುತ್ತಾರೆ, ನಾವು ಸಂಸ್ಕಾರ ಇಲ್ಲ ಅನ್ನುವ ಹಾಗೆ. ಈ ಒಂದು ಪದದಲ್ಲೇ ಇಡೀ ಜಗಳ ಇದೆ. ಮಗುವನ್ನು ಕೆಟ್ಟ ಚಿತ್ರ, ಪರದೇಶದ ಸರಕು, ಗಾಳಿಸುದ್ದಿಗಳಿಂದ ಕಾಪಾಡಬೇಕು ಅನ್ನುವವರು ಒಂದು ಕಡೆ. ಮಗುವಿಗೆ ಪ್ರಶ್ನೆ ಕೇಳಲು, ತಾನೇ ಕ್ಯಾಮೆರಾ ಹಿಡಿಯಲು ಕಲಿಸಬೇಕು ಅನ್ನುವವರು ಇನ್ನೊಂದು ಕಡೆ. 2007ರಲ್ಲಿ ರಿಯಾದ್‌ನಲ್ಲಿ ಈ ವಿಷಯಕ್ಕೇ ಅಂತ ದೊಡ್ಡ ಸಮ್ಮೇಳನ ನಡೆಯಿತು. 2011ರಲ್ಲಿ ಮೊರಾಕೊದ ಫೆಜ್ ನಗರದಲ್ಲಿ ಒಂದು ಘೋಷಣೆಯೂ ಹೊರಬಿತ್ತು. 2024ರಲ್ಲಿ ಯುನೆಸ್ಕೋದ ಮಾಧ್ಯಮ ಸಾಕ್ಷರತಾ ಸಪ್ತಾಹದ ಮುಖ್ಯ ಸಭೆ ಜೋರ್ಡಾನಿನ ಅಮ್ಮಾನ್‌ನಲ್ಲಿ ನಡೆಯಿತು. ಸಮ್ಮೇಳನಗಳ ಬಗ್ಗೆ ನನಗೆ ಹೇಳುವುದು ಜಾಸ್ತಿ ಇಲ್ಲ. ನಮ್ಮಲ್ಲೂ ನಡೆಯುತ್ತವೆ, ಊಟ ಚೆನ್ನಾಗಿರುತ್ತದೆ.

ನನಗೆ ಹಿಡಿಸಿದ್ದು ಬೈರೂತಿನ ಕೆಲಸ. 2013ರಿಂದ ಅಲ್ಲಿ ಜಾದ್ ಮಲ್ಕಿ ಅನ್ನುವ ಪ್ರೊಫೆಸರ್ ಮತ್ತು ಅವರ ಜೊತೆಯವರು ಬೇರೆ ಬೇರೆ ಅರಬ್ ದೇಶಗಳ ಮೇಷ್ಟ್ರುಗಳನ್ನು, ವಿದ್ಯಾರ್ಥಿಗಳನ್ನು ಒಂದು ಕಡೆ ಸೇರಿಸಿ ಬೇಸಿಗೆ ಅಕಾಡೆಮಿ ನಡೆಸುತ್ತಾ ಬಂದಿದ್ದಾರೆ. ಯುದ್ಧ, ಆಕ್ರಮಣ, ಪಂಗಡ ಜಗಳ ಇರುವ ಕಡೆ ಅಮೆರಿಕದ ಪಠ್ಯ ತಂದು ಜಾಹೀರಾತು ಬಿಡಿಸಿ ತೋರಿಸಿದರೆ ಸಾಲದು, ತುಳಿತಕ್ಕೆ ಸಿಕ್ಕವರಿಗೆ ಬೇಕಾದ ಮಾಧ್ಯಮ ಸಾಕ್ಷರತೆಯೇ ಬೇರೆ ಅನ್ನುವುದು ಅವರ ವಾದ. ಇದು ನನಗೆ ಸರಿ ಅನಿಸುತ್ತದೆ. ಬೈರೂತಿನ ಮಗುವಿಗೆ ಸೋಪಿನ ಜಾಹೀರಾತಿನ ಮೋಸಕ್ಕಿಂತ, ತನ್ನ ಪಂಗಡದ ಚಾನೆಲ್ ಪಕ್ಕದ ಬೀದಿಯವನನ್ನು ಏನಂತ ಕರೆಯುತ್ತದೆ ಅನ್ನುವುದು ಮೊದಲು ತಿಳಿಯಬೇಕು. ನಮ್ಮ ಕರಾವಳಿಯ ಮಗುವಿಗೂ ಅಷ್ಟೇ. ನಾನು ಆ ಕಡೆಯವನೇ ಆದ್ದರಿಂದ ಹೇಳುತ್ತಿದ್ದೇನೆ.

ದೋಹಾದಲ್ಲಿಯೂ 2008ರಲ್ಲಿ ಮಾಧ್ಯಮ ಸ್ವಾತಂತ್ರ್ಯಕ್ಕೆ ಅಂತ ಒಂದು ಕೇಂದ್ರ ಶುರುವಾಗಿತ್ತು. ಶಾಲೆಗಳಲ್ಲಿ ಮಾಧ್ಯಮ ಸಾಕ್ಷರತೆಯ ತರಗತಿ ನಡೆಸುತ್ತಿತ್ತು. 2019ರಲ್ಲಿ ಅದು ಮುಚ್ಚಿತು. ನನ್ನ ಮಗಳು ಓದಿದ್ದು ಭಾರತದ ಪಠ್ಯದ ಶಾಲೆಯಲ್ಲಿ. ಅವಳಿಗೆ ಇದೊಂದೂ ಸಿಗಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯುವುದು ಹೇಗೆ ಅಂತ ಮಾತ್ರ ಕಲಿತಳು. ಐದು ಅಂಕದ ಪ್ರಶ್ನೆ ಅದು.

ಶಾಲೆಯ ಹೊರಗೆ ನಡೆಯುತ್ತಿರುವುದು ಇನ್ನೂ ಸ್ವಾರಸ್ಯ. ಈಜಿಪ್ಟಿನಲ್ಲಿ 2013ರಲ್ಲಿ ಕೆಲವು ಯುವಕರು ‘ದಾ ಬಿಗದ್ದ್’ ಅಂತ ಪುಟ ತೆರೆದರು. ‘ಇದು ನಿಜಾನಾ?’ ಅಂತ ಅರ್ಥ. ಸಿರಿಯಾದವರು 2016ರಲ್ಲಿ ‘ತಅಕ್ಕದ್’ ಶುರು ಮಾಡಿದರು. ‘ಖಚಿತ ಮಾಡಿಕೋ’ ಅಂತ. ಜೋರ್ಡಾನಿನಲ್ಲಿ 2014ರಲ್ಲಿ ಹುಟ್ಟಿದ್ದರ ಹೆಸರು ‘ಫತಬಯ್ಯನೂ’. ಇದು ಕುರಾನಿನ ಮಾತು. ಅಲ್ ಹುಜುರಾತ್ ಅಧ್ಯಾಯದ 6ನೇ ವಚನ. ನಂಬಿಕಸ್ಥನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಿ, ಇಲ್ಲದಿದ್ದರೆ ತಿಳಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಮರುಗಬೇಕಾದೀತು ಅನ್ನುತ್ತದೆ ಅದು. ಸುಳ್ಳು ಸುದ್ದಿ ಹಿಡಿಯುವ ತಾಣಕ್ಕೆ ಇದಕ್ಕಿಂತ ಹೊಂದುವ ಹೆಸರು ಸಿಗಲಿಕ್ಕಿಲ್ಲ. ಹೆಸರು ಕೇಳಿದ ಕೂಡಲೇ ಅಜ್ಜನಿಗೂ ಮೊಮ್ಮಗನಿಗೂ ಅರ್ಥವಾಗುತ್ತದೆ. ನಮ್ಮ ಕಡೆ ಫ್ಯಾಕ್ಟ್ ಚೆಕ್ ಅಂತ ಇಂಗ್ಲಿಷಿನಲ್ಲೇ ಬಂದು ಇಂಗ್ಲಿಷಿನಲ್ಲೇ ನಿಂತಿದೆ.

ಇನ್ನೊಂದು ಹಳೆಯ ಪದ್ಧತಿ ಅವರಿಗಿದೆ. ಪ್ರವಾದಿಯವರ ಒಂದು ಮಾತನ್ನು ಬರೆದಿಡುವಾಗ, ಅದನ್ನು ಯಾರು ಯಾರಿಂದ ಕೇಳಿದರು ಅನ್ನುವ ಸರಪಳಿಯನ್ನು ಮೊದಲು ಬರೆಯುತ್ತಾರೆ. ಅದಕ್ಕೆ ‘ಇಸ್ನಾದ್’ ಅಂತ ಹೆಸರು. ಸರಪಳಿಯ ಒಂದೊಂದು ಕೊಂಡಿಯ ಮನುಷ್ಯ ನಂಬಿಕಸ್ಥನೇ, ಮರೆವಿನವನೇ, ಅವರಿಬ್ಬರು ನಿಜಕ್ಕೂ ಭೇಟಿಯಾಗಿದ್ದರೇ ಅಂತ ನೋಡುವುದೇ ಒಂದು ಶಾಸ್ತ್ರ. ಸಾವಿರ ವರ್ಷ ಹಳೆಯದು. ಉಸ್ತಾದ್ ಅದನ್ನೇ ವಾಟ್ಸ್‌ಆಪಿಗೆ ಹಾಕುತ್ತಾರೆ. “ಇದರ ಇಸ್ನಾದ್ ಎಲ್ಲಿ, ಬಾಶ್‌ಮುಹಂದಿಸ್?” ನನ್ನ ಫೋನಿನಲ್ಲಿ ಎರಡು ಬಾಣದ ಗುರುತು. ಅನೇಕ ಬಾರಿ ಫಾರ್ವರ್ಡ್ ಆದದ್ದು. ಅದೇ ನಮ್ಮ ಇಸ್ನಾದ್.

ಇಷ್ಟು ಓದಿ ಅರಬ್ ದೇಶದವರೆಲ್ಲ ಸುದ್ದಿ ಸೋಸುವುದರಲ್ಲಿ ಜಾಣರು ಅಂದುಕೊಂಡರೆ ತಪ್ಪು. ಎಲ್ಲವನ್ನೂ ಅನುಮಾನಿಸುವವನಿಗೆ ಒಂದು ಕಾಯಿಲೆ ಹಿಡಿಯುತ್ತದೆ. ಅವನು ಅಧಿಕೃತ ಮಾತನ್ನು ಬಿಟ್ಟು ಬೇರೆ ಏನನ್ನಾದರೂ ನಂಬುತ್ತಾನೆ. ‘ಮುಆಮರಾ’, ಅಂದರೆ ಒಳಸಂಚು. ಈ ಪದ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಮಳೆ ಹೊಡೆಯಿತಲ್ಲ, ಅಲ್ ಐನ್ ಕಡೆಯ ಒಂದು ಜಾಗದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್. 1949ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಮಳೆ ಕಂಡಿರಲಿಲ್ಲ. ಶಾರ್ಜಾದಲ್ಲಿರುವ ನನ್ನ ಭಾವನ ಕಾರು ನೆಲಮಾಳಿಗೆಯಲ್ಲಿ ಮುಳುಗಿ ಹೋಯಿತು. ಮೋಡ ಬಿತ್ತನೆ ಮಾಡಿ ಕೆಡಿಸಿಕೊಂಡರು ಅನ್ನುವ ಸುದ್ದಿ ನೀರಿಗಿಂತ ಬೇಗ ಹರಿಯಿತು. ಹವಾಮಾನ ಕೇಂದ್ರ ಆ ಹೊತ್ತಿನಲ್ಲಿ ಬಿತ್ತನೆ ಮಾಡಿಲ್ಲ ಅಂದಿತು. ಇಡೀ ಪ್ರದೇಶದ ಮೇಲೆ ದೊಡ್ಡ ಮಳೆ ವ್ಯವಸ್ಥೆಯೇ ಬರುತ್ತದೆ ಅಂತ ಮೊದಲೇ ಮುನ್ಸೂಚನೆಯೂ ಇತ್ತು. ಉಸ್ತಾದ್ ಕೇಳಿದರಾ? ಇಲ್ಲ. “ಸರ್ಕಾರ ಇಲ್ಲ ಅಂದಿದೆ, ಅಂದರೆ ಇದೆ!” ಅಂದರು. ನಾನು ಆವತ್ತು ಮೊದಲ ಸಲ ಅವರಿಗೆ ಇಸ್ನಾದ್ ಕೇಳಿದೆ. ಸಿಟ್ಟು ಮಾಡಿಕೊಂಡರು. ನಮ್ಮವರು ಮಾತ್ರ ಕಮ್ಮಿಯಾ? ನಮ್ಮ ರಾಜ್ಯದಲ್ಲೇ 2017ರಲ್ಲಿ ಬಿತ್ತನೆ ಮಾಡಿಸಿ ಎಷ್ಟು ಮಳೆ ಬಂತು ಅಂತ ನೋಡಿದವರು, ದುಬೈಯಲ್ಲಿ ಬಿತ್ತನೆಯಿಂದ ಪ್ರಳಯ ಆಯಿತು ಅಂತ ಕಣ್ಣು ಮುಚ್ಚಿ ನಂಬಿದರು.

ಎರಡನೆಯ ತೊಡಕು ಕಾನೂನು. ‘ಯಾರು ಹೇಳಿದ್ದು, ಅವರಿಗೇನು ಲಾಭ’ ಅನ್ನುವ ಪ್ರಶ್ನೆಯನ್ನು ಚಹಾ ಅಂಗಡಿಯಲ್ಲಿ ಕೇಳಬಹುದು. ಬರೆದು ಕೇಳುವುದು ಬೇರೆ. 2017ರ ಜೂನಿನಲ್ಲಿ, ಕತಾರ್ ಬಗ್ಗೆ ಅನುಕಂಪ ತೋರಿಸಿ ಬರೆದರೆ 3ರಿಂದ 15 ವರ್ಷ ಜೈಲು ಅಂತ ಯುಎಇ ಎಚ್ಚರಿಸಿತು. ನಾನು ಇಲ್ಲಿ, ಭಾವ ಅಲ್ಲಿ. ಆ ಬೇಸಿಗೆಯಲ್ಲಿ ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದು ಮಾವಿನಹಣ್ಣು ಮತ್ತು ಅತ್ತೆಯ ಮಂಡಿನೋವು ಮಾತ್ರ. ಕತಾರ್ ಕೂಡ 2020ರಲ್ಲಿ ಸುಳ್ಳು ಸುದ್ದಿಗೆ 5 ವರ್ಷದವರೆಗೆ ಶಿಕ್ಷೆ ತಂದಿತು. ಯುಎಇಯ ವದಂತಿ ತಡೆ ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಕಡಿಮೆ ಅಂದರೆ 1 ವರ್ಷ ಜೈಲು, 1 ಲಕ್ಷ ದಿರ್ಹಮ್ ದಂಡ. ಟ್ಯುನೀಸಿಯಾದಲ್ಲಿ ಸುಳ್ಳು ಸುದ್ದಿ ತಡೆಗೆ ಅಂತ ತಂದ 2022ರ 54ನೇ ಆದೇಶದ ಕೆಳಗೆ ಪತ್ರಕರ್ತರೂ ವಕೀಲರೂ ಒಳಗೆ ಹೋದರು. ಅಮ್ಮಾರ್ 404ನನ್ನು ಓಡಿಸಿದ ದೇಶವೇ ಅದು.

ಇದರಿಂದ ಏನಾಗುತ್ತದೆ ಅಂದರೆ, ‘ಗಾಳಿಸುದ್ದಿ ಹರಡಬೇಡಿ, ಅಧಿಕೃತ ಮೂಲವನ್ನೇ ನಂಬಿ’ ಅನ್ನುವುದೇ ಮಾಧ್ಯಮ ಸಾಕ್ಷರತೆ ಅಂತ ಆಗಿಬಿಡುತ್ತದೆ. ಅರ್ಧ ಪಾಠ ಅದು. ಅಧಿಕೃತ ಮೂಲದವನಿಗೂ ಇಸ್ನಾದ್ ಕೇಳಬಹುದು ಅನ್ನುವ ಉಳಿದರ್ಧವನ್ನು ಪಠ್ಯದಲ್ಲಿ ಹಾಕುವುದಿಲ್ಲ. ಇಲ್ಲಿ ಜನ ಫಾರ್ವರ್ಡ್ ಮಾಡುವ ಮೊದಲು ಬೆರಳು ತಡೆಯುತ್ತಾರೆ, ನಿಜ. ಯೋಚನೆಯಿಂದಲೋ ಹೆದರಿಕೆಯಿಂದಲೋ ಹೊರಗಿನವರಿಗೆ ತಿಳಿಯುವುದಿಲ್ಲ. ನನ್ನ ಬೆರಳು ಹೆದರಿಕೆಯಿಂದಲೇ ತಡೆಯುತ್ತದೆ. ಊರಿಗೆ ರಜೆಗೆ ಬಂದ ಕೂಡಲೇ ಅದೇ ಬೆರಳಿಗೆ ರೆಕ್ಕೆ ಬರುತ್ತದೆ. 2025ರ ಜೂನಿನಲ್ಲಿ ಕರ್ನಾಟಕದಲ್ಲೂ ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು ಅನ್ನುವ ಕರಡು ಮಸೂದೆ ಹೊರಬಂದಾಗ ನನ್ನ ಗೆಳೆಯರು ಕೆಲವರು “ಗಲ್ಫ್ ತರ ಮಾಡಬೇಕು ಮಾರಾಯ, ಆಗ ಬುದ್ಧಿ ಬರುತ್ತೆ” ಅಂದರು. ಗಲ್ಫಿನಲ್ಲಿ ಇದ್ದು ನೋಡಿದವನಾಗಿ ಹೇಳುತ್ತೇನೆ, ಬರುವುದು ಬುದ್ಧಿಯಲ್ಲ, ಮೌನ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ.

ಆದರೂ ಗೆಳೆಯರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಯಾಕೆಂದರೆ ಬೀದರ್ ನೆನಪಾಗುತ್ತದೆ.

2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆಪಿನಲ್ಲಿ ಓಡಿತು. ಕಾರು ಮುಂದಿನ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದರು. ಆ ಕಾರಿನಲ್ಲಿ ಒಬ್ಬ ಕತಾರಿನವನಿದ್ದ. ಪೆಟ್ಟು ತಿಂದು ಬದುಕಿದ. ಅದೇ ತಿಂಗಳು ವಾಟ್ಸ್‌ಆಪ್ ಭಾರತದಲ್ಲಿ ಒಮ್ಮೆಗೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದ ಹಾಗೆ ಮಿತಿ ಹಾಕಿತು.

ಆ ವಾರ ದೋಹಾದಲ್ಲಿ ಆಫೀಸಿಗೆ ಹೋಗುವುದು ಕಷ್ಟವಾಯಿತು. ಕತಾರಿನವನಿಗೆ ಹೊಡೆದರು ಅನ್ನುವ ಸುದ್ದಿ ಇಲ್ಲಿಯೂ ಬಂದಿತ್ತು. ಉಸ್ತಾದ್ ನನ್ನನ್ನು ಕೇಳಿದರು: “ಅದು ನಿನ್ನ ರಾಜ್ಯವಾ?” ಹೌದು ಅಂದೆ. ‘ನಮ್ಮ ಕಡೆಯಲ್ಲ, ಬಹಳ ದೂರ, ನಮ್ಮೂರು ಸಮುದ್ರದ ಪಕ್ಕ’ ಅಂತ ಸೇರಿಸಬೇಕು ಅನಿಸಿತು. ಸೇರಿಸಲಿಲ್ಲ. “ಮೊದಲು ಹೇಳಿದವನು ಯಾರು ಅಂತ ಒಬ್ಬನೂ ಕೇಳಲಿಲ್ಲವಾ?” ಅಂದರು. ಗೇಲಿಯಾಗಿರಲಿಲ್ಲ. ನಿಜವಾಗಿ ತಿಳಿಯಲು ಕೇಳಿದ್ದರು. ಬೀದರಿನಲ್ಲಿ ಸುದ್ದಿಗೆ ಖಬರ್ ಅನ್ನುತ್ತಾರೆ. ಅರಬಿಯಲ್ಲೂ ಅದೇ ಪದ. ಆ ಸಂಜೆ ನಾನು ಕಾರಿನಲ್ಲಿ ಎಸಿ ಹಾಕಿಕೊಂಡು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಇಷ್ಟೆಲ್ಲ ತಿಳಿದವನು ನಾನು. ಈಗ ಕೇಳಿ.

2025ರ ಜೂನ್ 23. ಉಸ್ತಾದ್ ಅಷ್ಟು ಹೊತ್ತಿಗೆ ನಿವೃತ್ತಿಯಾಗಿ ಊರು ಸೇರಿದ್ದರು. ಸಂಜೆ ಕತಾರಿನ ವಾಯುಮಾರ್ಗ ಮುಚ್ಚಿದರು. ಕತ್ತಲಾದ ಮೇಲೆ ಢಂ ಢಂ ಅಂತ ಸದ್ದು. ಅಮೆರಿಕದ ಸೇನೆ ಇರುವ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಿತ್ತು. ಕಿಟಕಿ ಗಾಜು ನಡುಗಿತು. ಮಗಳನ್ನು ಒಳಕೋಣೆಗೆ ಎಳೆದುಕೊಂಡೆವು. ನಾನು ಕಣ್ಣಿಂದ ನೋಡಿದ್ದು ಆಕಾಶದಲ್ಲಿ ಎರಡು ಬೆಳಕಿನ ಚುಕ್ಕೆ, ಅಷ್ಟೇ. ಅಷ್ಟರಲ್ಲಿ ಯಾರೋ ಒಂದು ವಿಡಿಯೋ ಕಳಿಸಿದರು. ಆಕಾಶದ ತುಂಬ ಬೆಂಕಿಯ ಮಳೆ. ನಾನು ಎರಡನೇ ಸಲ ನೋಡಲೂ ಇಲ್ಲ. ‘ನಮ್ಮ ಮನೆ ಮೇಲೆ, ಈಗ’ ಅಂತ ಬರೆದು ಕುಟುಂಬದ ಗುಂಪಿಗೂ ಉಸ್ತಾದರಿಗೂ ಹಾಕಿಬಿಟ್ಟೆ. ಕೈ ನಡುಗುತ್ತಿತ್ತು.

ಉಸ್ತಾದರಿಂದ ಒಂದೇ ಪದದ ಉತ್ತರ ಬಂತು. “ಮಿನೇನ್?” ಎಲ್ಲಿಂದ?

ಆಗ ಸರಿಯಾಗಿ ನೋಡಿದೆ. ವಿಡಿಯೋದಲ್ಲಿ ಬೆಟ್ಟ ಇತ್ತು. ದೋಹಾದಲ್ಲಿ ಬೆಟ್ಟ ಎಲ್ಲಿಂದ ಬರಬೇಕು? ಯಾವುದೋ ದೇಶದ, ಯಾವುದೋ ರಾತ್ರಿಯದ್ದು. ತಕ್ಷಣ ಅಳಿಸಿದೆ. ಅಮ್ಮನಿಗೆ ಫೋನ್ ಮಾಡಿ ಎಲ್ಲ ಕ್ಷೇಮ ಅಂದೆ. “ನೀನೇ ಹಾಕಿದ್ದಲ್ಲ ಮಗಾ, ಮನೆ ಮೇಲೆ ಅಂತ?” ಅಂದಳು. ಬೆಳಗಿನ ಜಾವಕ್ಕೆ ವಾಯುಮಾರ್ಗ ತೆರೆದಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಕಾಫಿ ಹಿಡಿದು ಫೋನ್ ತೆರೆದರೆ ನಮ್ಮ ಹೈಸ್ಕೂಲು ಗೆಳೆಯರ ಗುಂಪಿನಲ್ಲಿ ಅದೇ ವಿಡಿಯೋ. ಮೇಲೆ ಎರಡು ಬಾಣ. ಕೆಳಗೆ ಬರೆದಿತ್ತು: ‘ದೋಹಾದಲ್ಲಿರುವ ನಮ್ಮ ಕನ್ನಡಿಗ ಸ್ವತಃ ತೆಗೆದ ದೃಶ್ಯ. ಎಲ್ಲರಿಗೂ ತಲುಪಿಸಿ.’